ಎಫ್ತಿಮಿಯೆ ಓದದೆ ಬಿಟ್ಟದ್ದು

ವೆತೂರಿಯಾ ತನ್ನ ತಮ್ಮ ಎಫ್ತಿಮಿಯೆಯ ಪುಸ್ತಕಗಳನ್ನು ಒಂದೊಂದಾಗಿ ಕೆಳಗಿಳಿಸಿ ಕೊನೆಯ ಹಾಳೆ ತೆರೆದು ನೋಡುತ್ತಿದ್ದಳು. ಉಪ್ಪಿನ ಗಣಿ, ತಲೆಬುರುಡೆ, ಸೇತುವೆ, ಅಣಬೆ, ಭೂಕಂಪ. ಎಲ್ಲದರ ಕೊನೆಗೂ ಅವನ ಕೈಬರಹ: ಮುಗಿಯಿತು; ಕೆಳಗೆ ತಾರೀಖು. ಪಕ್ಕದ ಕೋಣೆಯಲ್ಲಿ ಅವನನ್ನು ಮುಚ್ಚಳ ತೆಗೆದ ಶವಪೆಟ್ಟಿಗೆಯಲ್ಲಿ ಮಲಗಿಸಿದ್ದರು.

"ಅರ್ಧ ಓದಿ ಬಿಟ್ಟಿದ್ದೇನಾದ್ರೂ ಇದ್ರೆ ಹೇಳ್ಬಿಡೆ ಸವೇತಾ. ಪೆಟ್ಟಿಗೇಲಿ ಜತೆಗಿಟ್ಟು ಕಳಿಸೋಣ. ಇಲ್ದಿದ್ರೆ ಅದನ್ನ ಹುಡುಕ್ಕೊಂಡು ವಾಪಸ್ ಬರ್ತಾನೆ."

"ಬಂದ್ರೆ ಬರ್ಲಿ ಬಿಡಕ್ಕ," ಎಂದಳು ಅವನ ಹೆಂಡತಿ.

"ಬಾಯ್ಮುಚ್ಚೆ. ಹಂಗೆ ಬಂದೋರು ಒಬ್ರೇ ತಿರುಗಿ ಹೋಗಲ್ಲ."

ಸವೇತಾಳಿಗೂ ಬೇಕಾಗಿದ್ದದ್ದು ಅಂಥದೇ ಪುಸ್ತಕ, ಅವನು ಬರಲೆಂದು ಬಚ್ಚಿಡುವುದಕ್ಕೆ. ಯಾರೂ ಇಲ್ಲದಾಗ ಇಡೀ ಕಪಾಟು ಜಾಲಾಡಿದ್ದಳು. ಹಾಳಾದ ಮನುಷ್ಯ ಒಂದನ್ನೂ ಅರ್ಧಕ್ಕೆ ಬಿಟ್ಟಿರಲಿಲ್ಲ.

*

ಬದುಕಿದ್ದಾಗ ಗಲಾತ್ಸಿ ಊರಿನ ಬಂದರಿನಲ್ಲಿ ಕ್ರೇನು ರಿಪೇರಿ ಎಫ್ತಿಮಿಯೆಯ ಕೆಲಸ. ಪ್ರತಿ ಶನಿವಾರ ಪೊಂಪಿಲಿಯುವಿನ ಪುಸ್ತಕದಂಗಡಿಗೆ ಹೋಗಿ, "ನಂಗೆ ಏನೇನೂ ಗೊತ್ತಿಲ್ದೇ ಇರೋದು ಏನ್ ಬಂದಿದೆ?" ಎಂದು ಕೇಳುತ್ತಿದ್ದ. ಕತೆ ಕಾದಂಬರಿ ಮುಟ್ಟುತ್ತಿರಲಿಲ್ಲ. ಕತೆಗಳಿಗೆ ಅಕ್ಕನ ಬಾಯೇ ಸಾಕಂತೆ.

"ಅಣಬೆ ಕಟ್ಕೊಂಡು ನಿಮ್ಗೇನಾಗ್ಬೇಕು?" ಎಂದು ಸವೇತಾ ಕೆಣಕುತ್ತಿದ್ದಳು.

"ಏನೂ ಆಗ್ಬೇಕಿಲ್ಲ ಕಣೆ. ಅದರ ಪಾಡಿಗೆ ಅದು ಇಷ್ಟು ವರ್ಷ ಇದೆ, ನಂಗೆ ಗೊತ್ತೇ ಇರ್ಲಿಲ್ಲ. ನಾಚಿಕೆಗೇಡಲ್ವಾ?"

ಕಡೆಗೆ ಅವನ ಕಣ್ಣು ಮಂಜಾದಾಗ ಭೂಕಂಪದ ಪುಸ್ತಕದ ಉಳಿದ ಎರಡು ಹಾಳೆ ಅವಳೇ ಓದಿ ಹೇಳಿದಳು. ತಾರೀಖು ಮಾತ್ರ ಅವನೇ ಬರೆದ. ಮರುದಿನ ಹೋಗಿಬಿಟ್ಟ. ಯಾಕಾದರೂ ಓದಿ ಮುಗಿಸಿದೆನೋ ಎಂದು ಅವಳು ತನ್ನನ್ನೇ ಬೈದುಕೊಳ್ಳುತ್ತಿದ್ದಳು.

*

ಅಂತ್ಯಕ್ರಿಯೆಗೆ ಬಂದ ಪಾದ್ರಿಯ ಹಿಂದೆಯೇ ಪೊಂಪಿಲಿಯು ಬಂದ, ಕಂಕುಳಲ್ಲಿ ಕಾಗದ ಸುತ್ತಿದ ಪುಸ್ತಕ.

"ಹಾವುಮೀನಿನ ವಿಷಯದ್ದಮ್ಮ. ಹೋದ ತಿಂಗಳೇ ಹೇಳಿಟ್ಟಿದ್ದ. ಇವತ್ ಬೆಳಿಗ್ಗೆ ಬಂತು ನೋಡು." ಅವನಿಗೆ ಅಳು ತಡೆಯಲಾಗಲಿಲ್ಲ.

ವೆತೂರಿಯಾ ಶಿಲುಬೆ ಗುರುತು ಹಾಕಿಕೊಂಡಳು. "ದೇವ್ರು ದೊಡ್ಡೋನು. ಇದೇ ಇರ್ಬೇಕು ಅವನ ಆಸೆ. ಕೈಗಿಟ್ಟು ಕಳಿಸೆ ಸವೇತಾ."

ಸವೇತಾ ಕಾಗದ ಬಿಚ್ಚಿದಳು. "ಒಂಚೂರು ಓದಿ ಹೇಳ್ಲಾ ಅವ್ರಿಗೆ? ಎಷ್ಟು ಕಾದಿದ್ರು."

ಅಂಥ ಹೊತ್ತಿನಲ್ಲಿ ಬೇಡ ಅನ್ನುವವರು ಯಾರು? ಪಾದ್ರಿಯೂ ತಲೆಯಾಡಿಸಿದ.

ಅವಳು ಪೆಟ್ಟಿಗೆಯ ಪಕ್ಕ ಕೂತು ಅವನ ಕಿವಿಯ ಹತ್ತಿರ ಬಾಗಿ ಓದತೊಡಗಿದಳು. ಹಾವುಮೀನು ನದಿಯಲ್ಲಿ ವರ್ಷಗಟ್ಟಲೆ ಬಾಳುತ್ತದೆ. ಒಂದು ದಿನ ತಿನ್ನುವುದನ್ನು ಬಿಟ್ಟು ಕಡಲಿನತ್ತ ಹೊರಡುತ್ತದೆ. ಅದು ಎಲ್ಲಿಗೆ ಹೋಗುತ್ತದೆಂದು ಬಹುಕಾಲ ಯಾರಿಗೂ ತಿಳಿದಿರಲಿಲ್ಲ. ಕಡೆಗೊಮ್ಮೆ ಅದರ ಬೆನ್ನುಹತ್ತಿ ಹೋದವರಿಗೆ ಕಂಡದ್ದು...

ಅಲ್ಲಿಗೆ ನಿಲ್ಲಿಸಿದಳು. ಎಲ್ಲರೂ ಕಾದರು.

"ಏನ್ ಕಂಡಿತಂತೆ?" ಎಂದ ಪೊಂಪಿಲಿಯು.

ಸವೇತಾ ಪುಸ್ತಕ ಮುಚ್ಚಿ, ಕೋಟಿನೊಳಗೆ ತುರುಕಿ, ಮೇಲಿನವರೆಗೂ ಗುಂಡಿ ಹಾಕಿಕೊಂಡಳು. ವೆತೂರಿಯಾಳ ಮುಖ ಬಿಳಿಚಿಕೊಂಡಿತು.

"ಕೊಡೆ ಅದನ್ನ ಇಲ್ಲಿ."

"ಮಿಕ್ಕಿದ್ದು ನೀವು ವಾಪಸ್ ಬಂದ್ಮೇಲೆ," ಎಂದಳು ಸವೇತಾ, ಗಂಡನಿಗೆ. ಆಮೇಲೆ ಎದ್ದು, ಮುಚ್ಚಳ ಹೊತ್ತು ನಿಂತಿದ್ದವರಿಗೆ ಜಾಗ ಬಿಟ್ಟಳು.