ಗುಲಾಬಿ ಬುಡದ ನೀಲಿ ಕಾಳು

ದೊಡ್ಡ ಸೊಸೆ ಆ ಮನೆಗೆ ಬಂದು ಹನ್ನೊಂದು ವರ್ಷ. ಹಿತ್ತಲಿನ ತೋಟ ಅವಳೇ ಸಾಕಿ ಬೆಳೆಸಿದ್ದು. ಹಗಲೆಲ್ಲ ಹೊಲಿಗೆ ಯಂತ್ರ ತುಳಿದು ಬೆನ್ನು ಹಿಡಿದುಕೊಂಡಾಗ, ಗುಲಾಬಿಯ ಬುಡ ಕೆದಕಿದರೆ ಅವಳಿಗೆ ಹಾಯೆನಿಸುತ್ತಿತ್ತು.

ಮೈದುನನ ಹೆಂಡತಿ, ಆಸ್ಪತ್ರೆಯ ನರ್ಸ್, ಗುಂಡ ಎಂಬ ನಾಯಿಯೊಡನೆ ಮನೆ ಸೇರಿ ಆರು ತಿಂಗಳಾಗಿತ್ತು. ಬಂದ ವಾರಕ್ಕೇ ಹಿತ್ತಲಿಗೆ ಇಳಿದಳು. ನೀರಿನ ತೊಟ್ಟಿಗೆ ಮುಚ್ಚಳ ಹಾಕಿಸಿದಳು. ಕುಡುಗೋಲು, ಕತ್ತರಿಗಳನ್ನು ಎತ್ತರದ ಮೊಳೆಗೆ ಏರಿಸಿದಳು. ಆಮೇಲೆ ಕಣಗಿಲೆ ಗಿಡದ ಮುಂದೆ ನಿಂತಳು.

"ಅಕ್ಕ, ಇದರ ಎಲೆ, ಹೂವು ಎಲ್ಲಾ ವಿಷ. ನಿಮ್ಮ ಪುಟ್ಟಿ ಬಾಯಿಗೆ ಹಾಕ್ಕೊಂಡ್ರೆ ಏನು ಗತಿ?"

"ಹನ್ನೊಂದು ವರ್ಷದಿಂದ ಯಾರೂ ತಿಂದಿಲ್ಲ."

"ತಿಂದ ಮೇಲೆ ಕೀಳ್ಬೇಕಾ?" ಎಂದರು ಅತ್ತೆ. "ಈ ಮನೆಗೆ ಈಗ ಬುದ್ಧಿ ಬಂತು ನೋಡು."

ಕಣಗಿಲೆ ಹೋಯಿತು. ಹಿತ್ತಲ ಗಿಡ ಮದ್ದಲ್ಲ ಎಂಬ ಮಾತು ಹಳೇ ಸೊಸೆಗೂ ಸರಿಯಾಗಿ ಹೊಂದುತ್ತದೆ ಎಂದುಕೊಂಡಳು ದೊಡ್ಡವಳು. ಅದನ್ನಾದರೂ ನುಂಗಬಹುದಿತ್ತು. ಆದರೆ ಅವಳ ಮೂರು ವರ್ಷದ ಮಗಳು ಪುಟ್ಟಿ ಈಗ ಬಾಚಣಿಗೆ ಹಿಡಿದು ಚಿಕ್ಕಮ್ಮನ ಬಳಿಗೇ ಓಡುತ್ತಿದ್ದಳು. ಅದನ್ನು ಕಂಡಾಗಲೆಲ್ಲ ಹೊಟ್ಟೆಯೊಳಗೆ ಕೆಂಡ ಇಟ್ಟಂತಾಗುತ್ತಿತ್ತು.

ಮಳೆ ಹಿಡಿದಾಗ ಬಸವನಹುಳುಗಳು ಬಂದವು. ಕಿರಿಯವಳು ಪುಟ್ಟಿಯೊಡನೆ ಅವನ್ನು ಒಂದೊಂದಾಗಿ ಆರಿಸಿ ಹಾಕಿದಳು. ಅವಳು ನೆಟ್ಟಿದ್ದ ಚೆಂಡುಹೂ ನಳನಳಿಸಿತು. ದೊಡ್ಡವಳ ಗುಲಾಬಿ ಎಲೆಗಳು ಜರಡಿಯಾದವು. "ವಿಷ ಮಾತ್ರ ಬೇಡ ಅಕ್ಕ, ನಾನೇ ಆರಿಸಿ ಕೊಡ್ತೀನಿ" ಎಂದಳು ಕಿರಿಯವಳು. ಆ ಉಪಕಾರ ಯಾರಿಗೆ ಬೇಕಿತ್ತು? ದೊಡ್ಡವಳು ಬೀಜದ ಅಂಗಡಿಯಿಂದ ಹುಳು ಕೊಲ್ಲುವ ನೀಲಿ ಕಾಳಿನ ಪೊಟ್ಟಣ ತಂದು, ಮಧ್ಯಾಹ್ನ ಎಲ್ಲರೂ ಮಲಗಿದ್ದಾಗ ಗುಲಾಬಿಯ ಬುಡಕ್ಕೆ ಚೆಲ್ಲಿದಳು. ಮರುದಿನ ಒಂಬತ್ತು ಹುಳು ಸತ್ತು ಬಿದ್ದಿದ್ದವು. ಅವಳ ಹೊಟ್ಟೆ ತಣ್ಣಗಾಯಿತು.

ಮೂರನೆಯ ದಿನ ಬೆಳಿಗ್ಗೆ ಗುಂಡ ತೂರಾಡುತ್ತ ಬಂದು ಅಂಗಳದಲ್ಲಿ ಬಿದ್ದ. ಬಾಯಲ್ಲಿ ನೊರೆ, ಕಾಲು ಸೆಟೆದು ನಡುಗುತ್ತಿದ್ದವು.

"ಏನು ತಿಂದ ಇವನು? ಯಾರಾದ್ರೂ ನೋಡಿದ್ರಾ?" ಕಿರಿಯವಳು ಮಂಡಿಯೂರಿದಳು.

"ನಿನ್ನೆ ನೀನು ಹಾಕಿದ್ಯಲ್ಲ, ಆ ಗಬ್ಬು ಗೊಬ್ಬರ, ಅದನ್ನೇ ತಿಂದಿರ್ಬೇಕು" ಎಂದು ಅತ್ತೆ ಸಿಡುಕಿದರು. "ಎಲ್ಲಾ ಗೊತ್ತು ಅಂತ ಮೆರೀತಿದ್ದೆ!"

ಕಿರಿಯವಳ ಮುಖ ಬಿಳಿಚಿತು. "ನನ್ನಿಂದಾನಾ?"

ದೊಡ್ಡವಳು ಬಾಗಿಲಲ್ಲೇ ನಿಂತಿದ್ದಳು. ಆರು ತಿಂಗಳಿಂದ ಕೇಳಬೇಕೆಂದು ಕಾದಿದ್ದ ಮಾತು ಅದು. ಕಿವಿಗೆ ಸಿಹಿಯಾಗಿಯೇ ಇತ್ತು.

"ಏನು ತಿಂದಿದ್ದಾನೆ ಅಂತ ಗೊತ್ತಾಗ್ದೆ ಡಾಕ್ಟರ್ ಏನು ಮಾಡ್ತಾರೆ?" ಕಿರಿಯವಳು ಅಳತೊಡಗಿದಳು. ಗುಂಡನ ಕಣ್ಣು ಮೇಲಕ್ಕೆ ತಿರುಗಿತು.

ದೊಡ್ಡವಳು ಒಳಗೋಡಿ, ಬಟ್ಟೆಯ ರಾಶಿಯಡಿಯಿಂದ ಪೊಟ್ಟಣ ಎಳೆದು ತಂದಳು. "ನಾನು ಹಾಕಿದ್ದು. ಹುಳಕ್ಕೆ ಅಂತ. ಗುಲಾಬಿ ಬುಡಕ್ಕೆ."

ಕಿರಿಯವಳು ಪೊಟ್ಟಣ ಕಸಿದುಕೊಂಡಳು. "ಪುಟ್ಟಿ ಎಲ್ಲಿ? ಮೊದ್ಲು ಅವಳ ಕೈ, ಬಾಯಿ ನೋಡಿ!"

ಪುಟ್ಟಿ ಗುಲಾಬಿಯ ಪಕ್ಕದಲ್ಲೇ ಇದ್ದಳು. ಕೈಯಲ್ಲಿ ಬರೀ ಕೆಸರು. ದೊಡ್ಡವಳು ಅವಳ ಕೈಯನ್ನು ಮೂರು ಸಲ ಸೋಪು ಹಚ್ಚಿ ತೊಳೆದಳು. ಹೆತ್ತವಳಿಗೆ ಹೊಳೆಯದ್ದು ಕಿರಿಯವಳಿಗೆ ಹೊಳೆದಿತ್ತು. ನಾಚಿಕೆಯಲ್ಲಿ ಮುಳುಗಿದ್ದರೂ ಅದಕ್ಕೂ ಒಂದಿಷ್ಟು ಹೊಟ್ಟೆ ಉರಿಯಿತು.

ಪೊಟ್ಟಣ ತಂದಿದ್ದು ಒಳ್ಳೆಯದಾಯಿತು ಎಂದರಂತೆ ಪಶುವೈದ್ಯರು. ಎರಡು ದಿನದ ಮೇಲೆ ಗುಂಡ ಬಡಕಲಾಗಿ ಮನೆಗೆ ಬಂದ. ಕಿರಿಯವಳು ದೊಡ್ಡವಳೊಡನೆ ಮಾತು ಬಿಟ್ಟಳು.

ಗುಂಡ ಬಂದ ಮರುದಿನ ದೊಡ್ಡವಳು ಗುಲಾಬಿ ಬುಡದ ಮೇಲ್ಮಣ್ಣನ್ನೆಲ್ಲ ಕೆರೆದು ಚೀಲಕ್ಕೆ ತುಂಬುತ್ತಿದ್ದಾಗ, ಕಿರಿಯವಳು ಇನ್ನೊಂದು ಸಲಿಕೆ ಹಿಡಿದು ಬಂದಳು.

"ಅತ್ತೆ ನಂಗೆ ಬೈದಾಗ ಸುಮ್ನೆ ನಿಂತಿದ್ರಲ್ಲ, ಯಾಕೆ?"

"ಖುಷಿಯಾಗಿತ್ತು" ಎಂದಳು ದೊಡ್ಡವಳು, ತಲೆಯೆತ್ತದೆ. "ನೀನು ಬಂದಾಗಿಂದ ನಿಂಗೆ ಒಂದು ಬೈಗುಳಾನೂ ಬಿದ್ದಿರ್ಲಿಲ್ಲ."

ಕಿರಿಯವಳು ಅವಳನ್ನೇ ದಿಟ್ಟಿಸಿದಳು. ಸಿಟ್ಟಿನ ನಡುವೆಯೇ ನಗು ನುಗ್ಗಿತು. "ಮೊದ್ಲೇ ಹೇಳಿದ್ರೆ ದಿನಕ್ಕೊಂದು ಬೈಸ್ಕೊಳ್ತಿದ್ನಲ್ಲ ಅಕ್ಕ! ನಾಯೀನ ಸಾಯ್ಸೋಕೆ ಹೊರಟ್ರಿ."

"ತಪ್ಪಾಯ್ತು."

ಆಗ ಮೆಟ್ಟಿಲಿನಿಂದ ಪುಟ್ಟಿ ಕೂಗಿದಳು: "ಚಿಕ್ಕಮ್ಮಾ!"

ದೊಡ್ಡವಳ ಎದೆ ಚುರುಕ್ಕೆಂದಿತು. "ಹೋಗು, ಕರೀತಿದ್ದಾಳೆ. ಇದನ್ನ ನಾನು ಮುಗಿಸ್ತೀನಿ" ಎಂದು ಅವಳ ಕೈಯಿಂದ ಸಲಿಕೆ ತೆಗೆದುಕೊಂಡಳು.