ರಿ ಅಂದರೆ ಮತ್ತೆ

ಲಿಫ್ಟಿನ ಬಾಗಿಲು ಮುಚ್ಚುವಷ್ಟರಲ್ಲಿ ಸರ್ಜನ್ ತಮ್ಮ ಕಿರಿಯ ವೈದ್ಯನಿಗೆ ಹೇಳಿದ ಮಾತು ಮೇಡಂ ಕಿವಿಗೆ ಬಿತ್ತು. “ಎಡಗಡೆ ರಿಕರೆಂಟ್. ಉಳಿಸೋಕಾಗಲಿಲ್ಲ.”

ಮೇಡಂ ಆ ಪದವನ್ನು ಮನಸ್ಸಿನಲ್ಲೇ ಬಿಡಿಸಿದರು. ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸುವ ಅವರು ಪ್ರತಿವರ್ಷ ಪಾಠ ಶುರುಮಾಡುವುದೇ ಪದಗಳ ಕೀಲು ಬಿಚ್ಚಿ ತೋರಿಸುವುದರಿಂದ. “ಲ್ಯಾಟಿನ್ನಿನಲ್ಲಿ ರಿ ಅಂದ್ರೆ ಮತ್ತೆ. ಕುರ್ರೆರೆ ಅಂದ್ರೆ ಓಡು. ರಿಕರೆಂಟ್ ಅಂದ್ರೆ ಮತ್ತೆ ಓಡಿಬಂದದ್ದು. ಗಂಡನ್ನ ಕರೆಯೋ ರೀ ಬೇರೆ, ಕಲಸಬೇಡಿ.” ಹುಡುಗರು ಅವರಿಗೆ ರಿ ಮೇಡಂ ಎಂದೇ ಹೆಸರಿಟ್ಟಿದ್ದರು.

ಆಪರೇಷನ್ ಥಿಯೇಟರಿನೊಳಗೆ ಮಲಗಿದ್ದವಳು ಅವರ ತಂಗಿ, ಬಸ್ ನಿಲ್ದಾಣದ ಅನೌನ್ಸರ್. ಕತ್ತಿನ ಎಡಗಡೆಯ ಕ್ಯಾನ್ಸರ್ ಗಡ್ಡೆಯನ್ನು ಹಿಂದೆ ಒಮ್ಮೆ ತೆಗೆದಾಗಿತ್ತು. ಈಗ ಅದೇ ಜಾಗದಲ್ಲಿ ಇನ್ನೊಂದು. ಹಾಳಾದ್ದು ತಿರುಗಿ ಬಂದಿದೆಯೋ ಇಲ್ಲವೋ ಎಂದು ನೋಡುವುದಕ್ಕೇ ಇವತ್ತಿನ ಆಪರೇಷನ್.

ತಂಗಿಯ ಗಂಡ ಡಿಪೋದ ಮೆಕ್ಯಾನಿಕ್. ಎಷ್ಟು ತೊಳೆದರೂ ಹೋಗದ ಗ್ರೀಸಿನ ಬೆರಳುಗಳನ್ನು ತೊಡೆಯ ಕೆಳಗೆ ಬಚ್ಚಿಟ್ಟುಕೊಂಡು ಬೆಂಚಿನ ಮೇಲೆ ಕೂತಿದ್ದ.

“ನಿಮ್ಮ ತಂಗಿ ಹೇಳದೆ ಈ ಊರಲ್ಲಿ ಒಂದು ಬಸ್ಸೂ ಹೊರಡಲ್ಲ ಅತ್ತಿಗೆ. ಮನೇಲಿ ನಾನೂ ಅಷ್ಟೇ, ಅವಳು ಕೂಗಿದ ಮೇಲೇ ಜಾಗ ಬಿಡೋದು,” ಎಂದು ನಗಲು ನೋಡಿದವನು ಅವರ ಮುಖ ಕಂಡು ನಿಲ್ಲಿಸಿದ. “ಏನಂದ್ರು?”

“ಮತ್ತೆ ಬಂದಿದೆಯಂತಪ್ಪ.”

“ಬಂದ್ರೆ ಮತ್ತೆ ತೆಗೆದ್ರಾಯ್ತು.”

“ಉಳಿಸೋಕಾಗಲಿಲ್ಲ ಅಂದ್ರು.”

“ಯಾರನ್ನ?”

ಮೇಡಂ ಥಿಯೇಟರಿನ ಬಾಗಿಲ ಕಡೆ ನೋಡಿದರು. ಅವನು ಎದ್ದು ಕಿಟಕಿಯ ತನಕ ಹೋದ, ಸರಳಿಗೆ ಹಣೆ ಆನಿಸಿ ನಿಂತ. ಅವರು ಬೆಂಚಿನ ಮೇಲೆ ಕೂತು ನೆಲ ನೋಡಿದರು. ಚಿಕ್ಕಂದಿನಲ್ಲಿ ತಂಗಿಯನ್ನು ಎತ್ತಿ ಆಡಿಸಿದ ಕೈಗಳು ಈಗ ಮಡಿಲಲ್ಲಿ ಸುಮ್ಮನೆ ಬಿದ್ದಿದ್ದವು.

ಸರ್ಜನ್ ತಮ್ಮ ಕೋಣೆಗೆ ಕರೆದಾಗ ಮೇಡಂ ತಾವೇ ಮೊದಲು ಕೇಳಿದರು. “ಇನ್ನೆಷ್ಟು ದಿನ ಇರ್ತಾಳೆ ಡಾಕ್ಟ್ರೇ?”

“ಯಾರು ಹೇಳಿದ್ದು ನಿಮಗೆ? ಆಪರೇಷನ್ ನಡೀತಿರುವಾಗ್ಲೇ ಗಡ್ಡೆ ಪರೀಕ್ಷೆ ಮಾಡಿಸಿದೀವಿ. ಇದು ಕ್ಯಾನ್ಸರ್ ಅಲ್ಲ.”

“ರಿಕರೆಂಟ್ ಅಂದ್ರಲ್ಲ, ಲಿಫ್ಟಿನ ಹತ್ರ.”

ಸರ್ಜನ್ ಕನ್ನಡಕ ತೆಗೆದರು. “ಅದು ನರದ ಹೆಸರಮ್ಮ. ಗಂಟಲಿಗೆ ಹೋಗಬೇಕಾದದ್ದು ಎದೆಗೆ ಇಳಿದು, ದೊಡ್ಡ ರಕ್ತನಾಳ ಬಳಸಿಕೊಂಡು ಹಿಂದಕ್ಕೆ ಮೇಲೇರಿ ಬರುತ್ತೆ. ಅದಕ್ಕೇ ರಿಕರೆಂಟ್. ಹಳೇ ಗಾಯದ ಕಲೆಯೊಳಗೆ ಹೂತುಹೋಗಿತ್ತು. ಎಷ್ಟು ಬಿಡಿಸಿದ್ರೂ ಬಿಡಲಿಲ್ಲ, ಕತ್ತರಿಸಬೇಕಾಯ್ತು.”

ರಿ ಅಂದರೆ ಮತ್ತೆ. ರಿ ಅಂದರೆ ಹಿಂದಕ್ಕೆ. ಎರಡನೆಯದನ್ನೂ ಮೇಡಂ ಪಾಠದಲ್ಲಿ ಹೇಳುತ್ತಿದ್ದರು, ಗಂಟೆ ಬಾರಿಸುವ ಹೊತ್ತಿಗೆ, ಅವಸರದಲ್ಲಿ.

ಮೆಕ್ಯಾನಿಕ್ ಎರಡೂ ಕೈ ಜೋಡಿಸಿಬಿಟ್ಟಿದ್ದ. ಮೇಡಂ ಮಾತ್ರ ಕೇಳಿದರು. “ಆ ನರ ಏನು ಕೆಲಸ ಮಾಡುತ್ತೆ?”

“ಧ್ವನಿ,” ಎಂದರು ಸರ್ಜನ್. “ಬಲಗಡೇದು ಇದೆ. ಸ್ವಲ್ಪ ಸುಧಾರಿಸಬಹುದು. ಮೊದಲಿನ ಹಾಗೆ ಅಂತ ಹೇಳಲಾರೆ.”

ವಾರ್ಡಿನಲ್ಲಿ ತಂಗಿ ಕಣ್ಣು ತೆರೆದಿದ್ದಳು. ಕೇಳಬೇಕಾದದ್ದನ್ನು ಕಣ್ಣಲ್ಲೇ ಕೇಳಿದಳು.

“ಬಂದಿಲ್ಲ ಕಣೆ,” ಎಂದರು ಅಕ್ಕ. “ಕ್ಯಾನ್ಸರ್ ಅಲ್ವಂತೆ.”

ತಂಗಿಯ ಮುಖ ಅರಳಿತು. ಗಂಡ ಅವಳಿಗೆ ಬೆನ್ನು ಮಾಡಿ, ಸಡಿಲವಾಗಿದ್ದ ಸಲೈನ್ ಸ್ಟ್ಯಾಂಡಿನ ತಿರುಪು ಬಿಗಿಮಾಡುತ್ತಿದ್ದ. ಅವಳು ಅವನತ್ತ ತಿರುಗಿ, ದಿನಾ ಕರೆಯುವಂತೆ ಕರೆದಳು.

“ರೀ...”

ಬಂದದ್ದು ಬರೀ ಗಾಳಿ. ಅವನು ತಿರುಗಲಿಲ್ಲ.

ತಂಗಿ ಅಕ್ಕನ ಕಡೆ ನೋಡಿದಳು. ಆಮೇಲೆ ಮತ್ತೆ ಕರೆದಳು.