ಎರಡು ಹೊತ್ತಿನ ಕಷಾಯ

ಸರ್ವಮಂಗಳ ಬಾಟಲಿಯನ್ನು ಪಂಪ್‌ಹೌಸಿನ ಗೋಡೆಗೆ ಅಪ್ಪಳಿಸಿದಳು. ಬೆಳ್ಳುಳ್ಳಿ, ಶುಂಠಿ, ನಿಂಬೆಹುಳಿಯ ಘಾಟು ಮೂಗಿಗೆ ಅಡರಿತು.

ಗಂಡ ಪುಟ್ಟರಂಗಯ್ಯನಿಗೆ ತುಮಕೂರಿನಲ್ಲಿ ಎದೆಗೆ ಸ್ಟೆಂಟ್ ಹಾಕಿಸಿ ನಾಲ್ಕು ತಿಂಗಳಾಗಿತ್ತು. ರಕ್ತ ತೆಳುವಾಗುವ ಮಾತ್ರೆಯ ಜೊತೆ ಮನೆಮದ್ದು ಬೇಡವೇ ಬೇಡ ಎಂದು ಡಾಕ್ಟರು ಬಿಡಿಸಿ ಹೇಳಿದ್ದರು. ಆದರೂ ಮೈದುನ ಚನ್ನೇಶ್, ಅಣ್ಣನಿಗೆ ಇನ್ನೊಂದು ಬ್ಲಾಕ್ ಆಗಬಾರದೆಂದು, ಗುಬ್ಬಿಯಲ್ಲಿ ಯಾರೋ ಹೇಳಿಕೊಟ್ಟಂತೆ ಕಷಾಯ ಕಾಸಿ ತೋಟದಲ್ಲೇ ಕದ್ದು ಕುಡಿಸುತ್ತಿದ್ದ. ಗಂಡನ ತೋಳಿನ ಮೇಲೆ ಅಲ್ಲಲ್ಲಿ ನೇರಳೆ ಕಲೆಗಳೆದ್ದಾಗಲೇ ಅವಳಿಗೆ ಅನುಮಾನ ಹುಟ್ಟಿತ್ತು; ಇವತ್ತು ಹಿಂದೆಯೇ ಬಂದು ಹಿಡಿದಿದ್ದಳು.

"ನನ್ ತಮ್ಮ ಪ್ರೀತಿಯಿಂದ ಕಾಸಿದ್ದು ಕಣೇ! ನೀನ್ಯಾವ್ ಸೀಮೆ ಡಾಕ್ಟ್ರು?" ಪುಟ್ಟರಂಗಯ್ಯ ಬಲಗೈ ಬೀಸಿ ಅವಳ ಕೆನ್ನೆಗೆ ಬಾರಿಸಿದ. ಕಿವಿ ಗುಂಯ್ ಎಂದಿತು.

"ಹೊಡಿ, ಇನ್ನೊಂದ್ ಹೊಡಿ. ನೀನ್ ಹೋದ್ಮೇಲೆ ನಂಗೆ ಹೊಡೆಯೋರ್ ಯಾರವ್ರೆ?"

"ಅತ್ಗೆ, ಸುಮ್ಕಿರಿ" ಎನ್ನುತ್ತ ಚನ್ನೇಶ್ ನಡುವೆ ಬಂದ. ಪುಟ್ಟರಂಗಯ್ಯ ಅವನನ್ನೂ ನೂಕಿ ಮತ್ತೆ ಕೈಯೆತ್ತಿದ. ಚೆಲ್ಲಿದ ಕಷಾಯದಲ್ಲಿ ಅವನದೇ ಕಾಲು ಜಾರಿತು. ತೆಂಗಿನಕಾಯಿ ಸುಲಿಯಲು ನೆಟ್ಟಿದ್ದ ಕಬ್ಬಿಣದ ಮೊನೆ ಬಿದ್ದವನ ಬಲಗೈಯನ್ನು ಮೊಣಕೈವರೆಗೆ ಸೀಳಿಬಿಟ್ಟಿತು.

ಚನ್ನೇಶ್ ಓಡಿಹೋಗಿ ತಂದು ಮೆತ್ತಿದ ಅರಿಶಿನ ರಕ್ತದಲ್ಲಿ ಕೊಚ್ಚಿಹೋಯಿತು. ಸುತ್ತಿದ ಟವಲು ತೊಟ್ಟಿಕ್ಕತೊಡಗಿತು.

"ನಿಲ್ತಾನೇ ಇಲ್ವಲ್ಲ ಅತ್ಗೆ!"

"ಎಲ್ ನಿಲ್ತದೆ? ರಕ್ತಾನೆಲ್ಲ ನೀರ್ ಮಾಡಿಟ್ಟಿದ್ದೀಯಲ್ಲೋ. ಗಾಡಿ ತೆಗಿ!"

ಸೆರಗು ಹರಿದು ಬಿಗಿದಳು. ಬೈಕಿನ ಮೇಲೆ ಗಂಡನನ್ನು ನಡುವೆ ಕೂರಿಸಿಕೊಂಡು, ಕುಣಿಗಲ್ ಸೇರುವ ತನಕ ರಂಗಪ್ಪಾ, ರಂಗಪ್ಪಾ ಎಂದು ಮನೆದೇವರನ್ನು ಕರೆಯುತ್ತಲೇ ಇದ್ದಳು. ಅವನ ತಲೆ ಅವಳ ಹೆಗಲಿಗೆ ವಾಲುತ್ತಿತ್ತು.

"ಮಾತ್ರೆ ಬಿಟ್ಟು ಬೇರೆ ಏನಾದ್ರೂ ತಗೋತಿದ್ರಾ?" ಆಸ್ಪತ್ರೆಯ ಡಾಕ್ಟರಮ್ಮ ಕೇಳಿದರು.

"ಏನಿಲ್ಲ" ಎಂದ ಪುಟ್ಟರಂಗಯ್ಯ, ತಮ್ಮನನ್ನೇ ನೋಡುತ್ತ. ತುಟಿ ಬಿಳಿಚಿಕೊಂಡಿತ್ತು.

ಚನ್ನೇಶ್ ಗೋಡೆಗೆ ಹಣೆ ಒತ್ತಿದ. "ಸುಳ್ಳು ಮೇಡಂ. ಬೆಳ್ಳುಳ್ಳಿ ಕಷಾಯ, ಎರಡ್ ತಿಂಗ್ಳಿಂದ, ದಿನಕ್ಕೆರಡೊತ್ತು. ನಾನೇ ಕುಡ್ಸಿದ್ದು."

ಡಾಕ್ಟರಮ್ಮ ಸೂಜಿ ಕೈಗೆತ್ತಿಕೊಂಡರು. ಹೊಲಿಗೆ ಮುಗಿಸಿ, ಬಿಳಿ ಬಟ್ಟೆ ಸುತ್ತಿ, ಕೈಯನ್ನು ಒತ್ತಿ ಮೇಲೆತ್ತಿ ಹಿಡಿದಿರಲು ಚನ್ನೇಶನಿಗೆ ಹೇಳಿದರು. ಆಮೇಲೆ ಸರ್ವಮಂಗಳಳ ಕಡೆ ತಿರುಗಿದರು. "ನಿಮ್ ಕೆನ್ನೆಗೇನಾಯ್ತಮ್ಮ?"

ಪುಟ್ಟರಂಗಯ್ಯ ಕಣ್ಣು ಮುಚ್ಚಿಕೊಂಡ.

ಅಣ್ಣನ ಕೈ ಹಿಡಿದಿದ್ದ ಚನ್ನೇಶನ ತೋಳು ಸೋತು ಕೆಳಗಿಳಿಯತೊಡಗಿತು. "ಬುಡು, ನಾನ್ ಹಿಡ್ಕೋತೀನಿ" ಎಂದು ಸರ್ವಮಂಗಳ ಆ ಬಲಗೈಯನ್ನು ತನ್ನೆರಡೂ ಕೈಗಳಿಂದ ಒತ್ತಿ ಎತ್ತಿಹಿಡಿದಳು. ಬಿಳಿ ಬಟ್ಟೆಯ ಮೇಲಿನ ಕೆಂಪು ಇನ್ನೊಂದು ಬೆರಳಗಲ ಮುಂದೆ ಬಂದು ನಿಂತಿತು. ಅವಳು ಕೈ ಇಳಿಸಲಿಲ್ಲ.